ಹೊಸ ಸೈಕಲ್ ಮಾರ್ಗ ಆಮೇಲೆ, ಮೊದಲು ರಸ್ತೆಯ ಬದಿ ಕೊಡ್ರಿ

ನಮ್ಮ ಜಿಲ್ಲೆಯಲ್ಲಿ ಪ್ರವಾಸೋದ್ಯಮದ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು ಸೈಕಲ್ ಮಾರ್ಗದ ವಿಷಯ ತೆಗೆಯುತ್ತಾರೆ. ದೇವರಗುಡ್ಡದ ಏರು ಇದೆ, ತುಂಗಭದ್ರೆಯ ದಂಡೆ ಇದೆ, ಕಾಗಿನೆಲೆ ಕೆರೆ ಇದೆ, ಮದಗ-ಮಾಸೂರು ಕೆರೆಯ ಸುತ್ತಿನ ಗುಡ್ಡ ಇವೆ. ಫೋಟೊ ಚೆಂದ ಬರುತ್ತವೆ. ಒಂದು ಕಮಾನು, ನಾಲ್ಕು ಫಲಕ, ಬೆಂಗಳೂರು-ಹುಬ್ಬಳ್ಳಿ ಸವಾರರಿಗೆ ಒಂದು ಆಮಂತ್ರಣ, ಅಷ್ಟಾದರೆ ಹಾವೇರಿ ಸೈಕಲ್ ನಕಾಶೆಗೆ ಬಂತು ಅನ್ನುವ ಲೆಕ್ಕ.

ಈ ಲೆಕ್ಕಕ್ಕೆ ನಮ್ಮ ತಕರಾರಿದೆ. ಸೈಕಲ್ ಮೇಲೆ ನಮಗೆ ಸಿಟ್ಟಿಲ್ಲ. ಹೆಲ್ಮೆಟ್ ಹಾಕಿ, ಬಿಗಿ ಬಟ್ಟೆ ತೊಟ್ಟು ಭಾನುವಾರ ಬೆಳಗ್ಗೆ ಬರುವ ಸವಾರರ ಮೇಲಂತೂ ಇಲ್ಲವೇ ಇಲ್ಲ. ಪಾಪ, ಅವರು ಚಹಾ ಕುಡಿಯುತ್ತಾರೆ, ಮಂಡಕ್ಕಿ-ಮಿರ್ಚಿ ತಿನ್ನುತ್ತಾರೆ, ರೊಕ್ಕ ಕೊಟ್ಟು ಹೋಗುತ್ತಾರೆ. ತಕರಾರು ಇರುವುದು ‘ಹೊಸ ಮಾರ್ಗ’ ಅನ್ನುವ ಮಾತಿನ ಮೇಲೆ. ಗುತ್ತಲ ರಸ್ತೆ, ಮೆಡ್ಲೇರಿ ರಸ್ತೆ, ಕಾಗಿನೆಲೆ ರಸ್ತೆ, ಹಲಗೇರಿ ರಸ್ತೆ ಇವೆಲ್ಲ ನಮ್ಮ ಅಜ್ಜಂದಿರ ಕಾಲದಿಂದ ಸೈಕಲ್ ಮಾರ್ಗಗಳೇ. ಇವುಗಳ ಮೇಲೆ ಇವತ್ತೂ ಸೈಕಲ್ ಓಡುತ್ತಿವೆ. ಓಡಿಸುವವರು ಮಾತ್ರ ಯಾವ ನಕಾಶೆಯಲ್ಲೂ ಇಲ್ಲ.

ಚೆಂದದ ವಿಷಯದಲ್ಲಿ ಜಗಳ ಬೇಡ. ನಮ್ಮದು ಮಡಿಕೇರಿಯಲ್ಲ, ಚಿಕ್ಕಮಗಳೂರೂ ಅಲ್ಲ. ಆದರೆ ಸೈಕಲ್ ಮೇಲೆ ಕೂತವರಿಗೆ ಈ ಮೂರು ತಾಲ್ಲೂಕು ಏನೆಂದು ಗೊತ್ತಾಗುತ್ತದೆ. ರಾಣೆಬೆನ್ನೂರಿನ ಪೂರ್ವಕ್ಕೆ ನೆಲ ಮೆಲ್ಲಗೆ ತುಂಗಭದ್ರೆಯ ಕಡೆ ಇಳಿಯುತ್ತದೆ. ಐರಣಿ ಕೋಟೆ, ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ, ಅಲ್ಲಿಂದ ಕೆಳಗೆ ವರದಾ ಬಂದು ತುಂಗಭದ್ರೆಯನ್ನು ಕೂಡುವ ಗಳಗನಾಥ, ಎಲ್ಲ ಹೊಳೆಯ ಸೆರಗಿನಲ್ಲೇ ಇವೆ. ರಾಣೆಬೆನ್ನೂರಿನ ಬಗಲಿಗೆ 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ ಇದೆ, 119 ಚದರ ಕಿಲೋಮೀಟರ್. ಬ್ಯಾಡಗಿ ಬಿಟ್ಟು ಕಾಗಿನೆಲೆ ದಾಟಿ ಹಾನಗಲ್ಲಿನ ಕಡೆ ಹೊಂಟರೆ ಕೆಂಪು-ಕಪ್ಪು ಎರೆಹೊಲ ಸರಿದು ಭತ್ತದ ಗದ್ದೆ, ಮಾವಿನ ತೋಪು ಬರುತ್ತವೆ, ಗಾಳಿಯೇ ಬೇರೆ. ದಕ್ಷಿಣಕ್ಕೆ ರಟ್ಟೀಹಳ್ಳಿ ಹಾದು ಮಾಸೂರಿಗೆ ಹೋದರೆ ಕುಮುದ್ವತಿಯನ್ನು ಗುಡ್ಡಗಳ ನಡುವೆ ಕಟ್ಟಿ ಹಾಕಿದ ಮದಗದ ಕೆರೆ ಕಾಣುತ್ತದೆ. ಗುಡ್ಡ ಉಂಟು, ಕಣಿವೆ ಉಂಟು, ಹೊಳೆ ಉಂಟು. ಎದುರು ಗಾಳಿಯೂ ಉಂಟು. ಆಷಾಢದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಸೈಕಲ್ ತುಳಿದವರನ್ನು ಕೇಳಿ ನೋಡ್ರಿ.

ಈಗ ನಕಾಶೆಯ ವಿಷಯಕ್ಕೆ ಬರೋಣ.

ಸೈಕಲ್ ಸವಾರರು ಎಲ್ಲಿ ಓಡಾಡುತ್ತಾರೆ ಅನ್ನುವುದನ್ನು ಫೋನಿನ ಆ್ಯಪ್‌ಗಳು ದಾಖಲು ಮಾಡುತ್ತವೆ. ಅದರಲ್ಲಿ ಹೆಸರಾದದ್ದು ಸ್ಟ್ರಾವಾ. ಸವಾರ ಫೋನಿನಲ್ಲೋ ಕೈಗಡಿಯಾರದಲ್ಲೋ ಅದನ್ನು ಚಾಲೂ ಮಾಡಿಕೊಂಡು ಹೊರಟರೆ ಅವನು ಹೋದ ದಾರಿ ಗೆರೆಯಾಗುತ್ತದೆ. ಲಕ್ಷಾಂತರ ಜನರ ಗೆರೆ ಸೇರಿಸಿ ಕಂಪನಿ ಒಂದು ದೊಡ್ಡ ನಕಾಶೆ ಮಾಡಿತು. ಹೆಚ್ಚು ಜನ ಓಡಾಡಿದ ಕಡೆ ಬೆಳಕು, ಓಡಾಡದ ಕಡೆ ಕತ್ತಲೆ. 2018ರ ಜನವರಿಯಲ್ಲಿ ಈ ನಕಾಶೆ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಮರುಭೂಮಿಯ ನಡುವೆ ಸೈನಿಕರು ಬೆಳಗ್ಗೆ ಓಡುವ ಅಭ್ಯಾಸದ ಗೆರೆಗಳು ಮಿನುಗಿ, ಗುಟ್ಟಾಗಿದ್ದ ಸೇನಾ ನೆಲೆಗಳೇ ಹೊರಬಿದ್ದಿದ್ದವು.

ಅಂಥ ನಕಾಶೆಗೆ ನಮ್ಮ ಗುತ್ತಲ ರಸ್ತೆಯಲ್ಲಿ ನಸುಕಿನಲ್ಲಿ ಎರಡು ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವ ಹಾಲಿನವರು ಕಾಣುವುದಿಲ್ಲ. ಅವರ ಸೈಕಲ್ಲಿಗೆ ಗಡಿಯಾರ ಇಲ್ಲ, ಫೋನಿನಲ್ಲಿ ಆ ಆ್ಯಪ್ ಇಲ್ಲ. ಮೇವಿನ ಹೊರೆ ಹೇರಿಕೊಂಡು ಬರುವವರು, ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋಗುವವರು, ಪೇಪರ್ ಹಾಕುವ ಹುಡುಗರು, ಹೈಸ್ಕೂಲಿಗೆ ಹೋಗುವ ಮಕ್ಕಳು, ಇವರು ಯಾರೂ ಅಲ್ಲಿ ಇಲ್ಲ. ಹೀಗಾಗಿ ಫೋನಿನಲ್ಲಿ ನೋಡಿ ‘ಈ ರಸ್ತೆಯಲ್ಲಿ ಸೈಕಲ್ ಓಡಾಟ ಇಲ್ಲ’ ಎಂದು ಯಾರಾದರೂ ತೀರ್ಮಾನ ಮಾಡಿದರೆ, ಅವರು ನೋಡಿದ್ದು ಯಾರ ಬಳಿ ಒಳ್ಳೆಯ ಗಡಿಯಾರ ಇದೆ ಅನ್ನುವುದನ್ನಷ್ಟೇ.

ಕಂಪನಿ ಬಿಡ್ರಿ, ಅದರ ಗಿರಾಕಿಗಳ ಲೆಕ್ಕ ಅದಕ್ಕೆ. ಸರ್ಕಾರದ ಜನಗಣತಿಯನ್ನೇ ನೋಡೋಣ. 2011ರಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಜನ ಕೆಲಸಕ್ಕೆ ಯಾವುದರಲ್ಲಿ ಹೋಗುತ್ತಾರೆ ಎಂದೂ ಆ ಗಣತಿಯಲ್ಲಿ ಕೇಳಿದರು: ನಡೆದೋ, ಸೈಕಲ್ಲೋ, ಬಸ್ಸೋ, ಬೈಕೋ. ಒಳ್ಳೆಯ ಪ್ರಶ್ನೆ. ಆದರೆ ಆ ಪಟ್ಟಿಯಲ್ಲಿ ಲೆಕ್ಕಕ್ಕೆ ಬಂದವರು ‘ಇತರೆ ಕೆಲಸಗಾರರು’ ಮಾತ್ರ. ಸ್ವಂತ ಹೊಲ ಮಾಡುವವರನ್ನು ಬಿಟ್ಟರು. ಕೃಷಿ ಕೂಲಿಗಳನ್ನು ಬಿಟ್ಟರು. ಮನೆಯಲ್ಲೇ ಕಸುಬು ಮಾಡುವವರನ್ನೂ ಬಿಟ್ಟರು, ಅಂದರೆ ತುಮ್ಮಿನಕಟ್ಟಿಯ ಮನೆಮಗ್ಗದ ನೇಕಾರರು ಹೊರಗೆ. ಶಾಲೆಗೆ ಹೋಗುವ ಮಕ್ಕಳು ಕೆಲಸಗಾರರಲ್ಲ, ಅವರೂ ಹೊರಗೆ. ಇಷ್ಟು ಜನರನ್ನು ತೆಗೆದ ಮೇಲೆ ನಮ್ಮ ಹಳ್ಳಿಗಳಲ್ಲಿ ಉಳಿಯುವವರೆಷ್ಟು? ಬ್ಯಾಡಗಿ ತಾಲ್ಲೂಕಿನಲ್ಲಿ ಹೊಲಕ್ಕೆ ಸೈಕಲ್ ಮೇಲೆ ಹೋಗುವ ಮನುಷ್ಯ ಕಂಪನಿಯ ನಕಾಶೆಯಲ್ಲೂ ಇಲ್ಲ, ಸರ್ಕಾರದ ಕೋಷ್ಟಕದಲ್ಲೂ ಇಲ್ಲ.

ಅವನು ದಾಖಲಾಗುವ ಜಾಗ ಒಂದೇ ಒಂದು ಇದೆ, ಅದು ನಮ್ಮ ಕಸುಬಿನಲ್ಲಿದೆ. ‘ಅಪರಿಚಿತ ವಾಹನ ಡಿಕ್ಕಿ: ಸೈಕಲ್ ಸವಾರ ಸಾವು’. ತಾಲ್ಲೂಕು ವರದಿಗಾರಿಕೆ ಮಾಡಿದ ಯಾರನ್ನಾದರೂ ಕೇಳಿ, ಈ ತಲೆಬರಹ ಬೆರಳುಗಳಿಗೆ ಬಾಯಿಪಾಠ. ಸಿಂಗಲ್ ಕಾಲಂ, ಐದು ಸಾಲು. ಹೆಸರು, ವಯಸ್ಸು, ಊರು, ‘ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ’. ರಸ್ತೆ ಎಷ್ಟು ಅಗಲ ಇತ್ತು, ಬದಿ ಇತ್ತೋ ಇಲ್ಲವೋ, ಜಾಲಿ ಕಂಟಿ ಎಲ್ಲಿವರೆಗೆ ಬಂದಿತ್ತು ಅನ್ನುವುದು ಆರನೇ ಸಾಲು. ಅದನ್ನು ಬರೆದು ಕಳಿಸಿದರೆ ಡೆಸ್ಕಿನಲ್ಲಿ ಮೊದಲು ಕತ್ತರಿ ಬೀಳುವುದು ಆ ಸಾಲಿಗೇ. ಇವತ್ತು ಇಲ್ಲಿ ಜಾಗಕ್ಕೆ ಬರ ಇಲ್ಲ. ಆ ಆರನೇ ಸಾಲನ್ನೇ ಉದ್ದಕ್ಕೆ ಬರೆಯುತ್ತೇವೆ.

ಹಳ್ಳಿ ರಸ್ತೆಗೆ ಒಂದು ಅಳತೆ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ಹಾಕಿಕೊಟ್ಟ ಮಾದರಿ ಅದು. ಬಯಲು ಸೀಮೆಯ ಗ್ರಾಮೀಣ ರಸ್ತೆ ಒಟ್ಟು 7.5 ಮೀಟರ್ ಅಗಲ ಇರಬೇಕು, ಅದರಲ್ಲಿ ಡಾಂಬರು 3.75 ಮೀಟರ್. ವಾಹನ ಬಹಳ ಕಡಿಮೆ ಇದ್ದರೆ ಡಾಂಬರು 3 ಮೀಟರಿಗೆ ಇಳಿಸಬಹುದು. ಅಡಿ ಲೆಕ್ಕದಲ್ಲಿ ಹೇಳುವುದಾದರೆ ಒಟ್ಟು ಸುಮಾರು 24 ಅಡಿ, ನಡುವೆ 12 ಅಡಿ ಡಾಂಬರು, ಎಡಕ್ಕೆ 6 ಅಡಿ, ಬಲಕ್ಕೆ 6 ಅಡಿ ಗರಸು ಹಾಕಿ ರೋಲರ್ ಓಡಿಸಿದ ಗಟ್ಟಿ ನೆಲ. ಇಂಜಿನಿಯರುಗಳು ಇದಕ್ಕೆ ಶೋಲ್ಡರ್ ಅಂತಾರೆ, ನಮ್ಮ ಕಡೆ ರಸ್ತೆಯ ಬದಿ.

ಈ ಬದಿ ಏನು ಅಲಂಕಾರಕ್ಕಲ್ಲ. ಬಸ್ಸಿನ ಅಗಲವೇ ಎಂಟು ಅಡಿ ಮೇಲಿದೆ. 12 ಅಡಿ ಡಾಂಬರಿನಲ್ಲಿ ಬಸ್ಸು ಬಂದರೆ ಉಳಿಯುವುದು ಎಷ್ಟು, ನೀವೇ ಲೆಕ್ಕ ಹಾಕ್ರಿ. ಸೈಕಲ್ಲಿನ ಹ್ಯಾಂಡಲ್ ಎರಡು ಅಡಿ, ಮೇವಿನ ಹೊರೆ ಇದ್ದರೆ ನಾಲ್ಕು ಅಡಿ. ಎರಡು ವಾಹನ ಎದುರುಬದುರಾದರೆ ಎರಡೂ ಒಂದೊಂದು ಗಾಲಿ ಬದಿಗೆ ಇಳಿಸಲೇಬೇಕು, ರಸ್ತೆಯನ್ನು ಮಾಡಿದ್ದೇ ಹಾಗೆ. ಅಂದರೆ ಬದಿ ಇಲ್ಲದ ಹಳ್ಳಿ ರಸ್ತೆ ಅರ್ಧ ರಸ್ತೆ.

ಈಗ ನಿಮ್ಮ ಊರ ಹೊರಗೆ ಹೋಗಿ ನಿಂತು ನೋಡ್ರಿ. ಆ ಆರು ಅಡಿ ಎಲ್ಲಿದೆ?

ಮೊದಲನೆಯದು, ಡಾಂಬರಿನ ಮೇಲೆ ಡಾಂಬರು. ಪ್ರತಿ ಸಲ ಮರುಡಾಂಬರು ಮಾಡಿದಾಗ ರಸ್ತೆ ಎರಡು-ಮೂರು ಇಂಚು ಮೇಲೇಳುತ್ತದೆ. ಬದಿಗೂ ಅಷ್ಟೇ ಗರಸು ಹಾಕಿ ಸಮ ಮಾಡಬೇಕು. ಹಾಕುವುದಿಲ್ಲ, ಹಾಕಿದರೂ ಹೊಲದ ಮಣ್ಣು ಎಳೆದು ಮುಚ್ಚುತ್ತಾರೆ, ಮೊದಲ ಮಳೆಗೆ ಅದು ಹಳ್ಳ ಸೇರುತ್ತದೆ. ಮೂರು ಸಲ ಹೀಗಾದರೆ ಡಾಂಬರಿನ ಅಂಚು ಒಂದು ಮೆಟ್ಟಿಲಿನಷ್ಟು ಎತ್ತರ. ಹಿಂದಿನಿಂದ ಹಾರ್ನ್ ಬಂತೆಂದು ಸೈಕಲ್ಲಿನವನು ಆ ಅಂಚಿನಿಂದ ಕೆಳಗಿಳಿಸಿದರೆ ಮುಂದಿನ ಗಾಲಿ ತಿರುಚಿ ಬೀಳುತ್ತಾನೆ. ಹೊರಗಡೆಗೆ ಬಿದ್ದರೆ ಮೊಣಕಾಲು, ಒಳಗಡೆಗೆ ಬಿದ್ದರೆ ಲಾರಿಯ ಗಾಲಿ. ಇಳಿಸದೆ ಮೇಲೇ ಉಳಿದರೆ ಬೈಗುಳ.

ಎರಡನೆಯದು ಅಗೆತ. ಕುಡಿಯುವ ನೀರಿನ ಪೈಪು, ಫೋನಿನ ಕೇಬಲ್ಲು ಎಲ್ಲಕ್ಕೂ ಸಿಗುವ ಪುಕ್ಕಟೆ ಜಾಗ ರಸ್ತೆಯ ಬದಿ. 2019ರಲ್ಲಿ ಜಲಜೀವನ್ ಮಿಷನ್ ಶುರುವಾದ ಮೇಲೆ ಊರೂರಲ್ಲಿ ಅಗೆತ ನೋಡಿದ್ದೀರಿ. ಮನೆಗೆ ನೀರು ಬೇಡ ಎಂದು ಹೇಳುವ ಮೂರ್ಖರು ನಾವಲ್ಲ. ಆದರೆ ಅಗೆದ ತಗ್ಗಿಗೆ ಮಣ್ಣು ಸುರಿದು ಹೋದವರು ಅದನ್ನು ಬಡಿದು ಗಟ್ಟಿ ಮಾಡಬೇಕು ಅನ್ನುವುದೂ ಅದೇ ಕೆಲಸದ ಭಾಗ.

ಮೂರನೆಯದು ಜಾಲಿ. ಬಳ್ಳಾರಿ ಜಾಲಿ ಕಂಟಿ ಎರಡೂ ಕಡೆಯಿಂದ ಬಾಗಿ ಬಂದು ಡಾಂಬರಿನ ಮೇಲೆ ನೆರಳು ಹಾಕುತ್ತದೆ. ತಿರುವಿನಲ್ಲಿ ಎದುರಿನವರು ಕಾಣುವುದಿಲ್ಲ. ವರ್ಷಕ್ಕೊಮ್ಮೆ ಕಡಿಯುತ್ತಾರೆ, ಕಡಿದದ್ದನ್ನು ಅಲ್ಲೇ ಬಿಡುತ್ತಾರೆ. ಮರುದಿನ ಶಾಲೆಗೆ ಹೊರಟ ಅರ್ಧ ಮಕ್ಕಳ ಸೈಕಲ್ ಪಂಕ್ಚರ್. (ಪಂಕ್ಚರ್ ಅಂಗಡಿಯವರು ಮಾತ್ರ ಈ ಕಾರ್ಯಕ್ರಮವನ್ನು ಮೆಚ್ಚಿಕೊಂಡಾರು.)

ಬೆಂಗಳೂರಿನಿಂದ ಬರುವ ಸವಾರನ ಇಪ್ಪತ್ತು ಗೇರಿನ ಸೈಕಲ್ಲಿಗೂ ಇದೇ ಮುಳ್ಳು ಚುಚ್ಚುತ್ತದೆ, ಇದೇ ಅಂಚು ಬೀಳಿಸುತ್ತದೆ. ಅವನ ಟೈರು ನಮ್ಮದಕ್ಕಿಂತ ತೆಳು, ಇನ್ನೂ ಬೇಗ ಬೀಳಿಸುತ್ತದೆ. ಕಮಾನಿನ ಕೆಳಗೆ ಫೋಟೊ ತೆಗೆಸಿಕೊಂಡ ಮೇಲೆ ಅವನು ಓಡಿಸಬೇಕಾದದ್ದು ಇದೇ ರಸ್ತೆಯಲ್ಲಿ. ಬದಿ ಸರಿಯಾದರೆ ಹಾಲಿನವರಿಗೂ ಆಯಿತು, ಪ್ರವಾಸಿಗೂ ಆಯಿತು. ಕಮಾನು ಕಟ್ಟಿದರೆ ಗುತ್ತಿಗೆದಾರರಿಗಷ್ಟೇ ಆಯಿತು.

ಇನ್ನು ಹೆದ್ದಾರಿ. ಹಾವೇರಿಯಿಂದ ಮೋಟೆಬೆನ್ನೂರು, ಅಲ್ಲಿಂದ ರಾಣೆಬೆನ್ನೂರು, ಮೂರೂ ಊರುಗಳನ್ನು ಹೊಲಿದ ದಾರ ಅಂದರೆ ಪುಣೆ-ಬೆಂಗಳೂರು ಹೆದ್ದಾರಿ, ಈಗಿನ 48. ಆರು ಪಥ ಆಗಿದೆ, ಕಾರುಗಳಿಗೆ ಸೊಗಸು. ಸೈಕಲ್ಲಿನವರಿಗೆ ಇರುವುದು ಸರ್ವಿಸ್ ರಸ್ತೆ, ಅದು ಒಂದು ಊರಿನ ಹತ್ತಿರ ಶುರುವಾಗಿ ಊರು ಮುಗಿಯುವಷ್ಟರಲ್ಲಿ ತಾನೂ ಮುಗಿಯುತ್ತದೆ. ಆಮೇಲೆ? ಆಮೇಲೆ ಹೆದ್ದಾರಿಯ ಅಂಚು. ಆ ಅಂಚಿನಲ್ಲಿ ಲಾರಿಗಳು ನಿಂತಿರುತ್ತವೆ.

2024ರ ಜೂನ್ 28ರ ನಸುಕನ್ನು ಈ ಭಾಗದವರು ಮರೆತಿಲ್ಲ. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಹಿಂದಿನಿಂದ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ತೀರಿಹೋದರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರಿಗೆ ಹೋಗಿ ಮನೆಗೆ ಮರಳುತ್ತಿದ್ದವರು. ಆ ವಾಹನಕ್ಕೆ ಲೈಟ್ ಇತ್ತು, ಕಬ್ಬಿಣದ ಮೈ ಇತ್ತು. ಅದೇ ಅಂಚಿನಲ್ಲಿ ಲೈಟಿಲ್ಲದ ಸೈಕಲ್ ತುಳಿದುಕೊಂಡು, ನಿಂತ ಲಾರಿ ಎದುರಾದಾಗ ಬಲಕ್ಕೆ ಸರಿದು ವೇಗದ ಪಥಕ್ಕೆ ನುಗ್ಗಬೇಕಾದ ಮನುಷ್ಯನ ಗತಿ ಏನು?

ಹೆದ್ದಾರಿಯಲ್ಲಿ ಸೈಕಲ್ಲಿಗೆ ಏನು ಕೆಲಸ, ನಿಷೇಧ ಮಾಡಿ ಅನ್ನುವವರಿದ್ದಾರೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಎಲ್ಲವನ್ನೂ ನಿಷೇಧಿಸಿದರು. ಆದರೆ ಅಲ್ಲಿ ಪಕ್ಕದಲ್ಲಿ ಸರ್ವಿಸ್ ರಸ್ತೆ ತೋರಿಸಿ ಆ ಮಾತು ಹೇಳಿದರು. ಇಲ್ಲಿ ನಮ್ಮ ಹೊಲದ ದಾರಿಯನ್ನೇ ಹೆದ್ದಾರಿ ನುಂಗಿ, ಬದಲಿ ದಾರಿಯನ್ನು ಅರ್ಧಕ್ಕೆ ಬಿಟ್ಟಿದೆ. ಮೊದಲು ಸರ್ವಿಸ್ ರಸ್ತೆಯನ್ನು ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಕಡಿಯದಂತೆ ಜೋಡಿಸಲಿ, ಕೆಳಸೇತುವೆಯಲ್ಲಿ ನಿಲ್ಲುವ ಮಳೆನೀರಿಗೆ ದಾರಿ ಮಾಡಲಿ. ಆಮೇಲೆ ನಿಷೇಧದ ಮಾತಾಡಲಿ, ನಾವೂ ಕಿವಿಗೊಡುತ್ತೇವೆ.

ಅಂದಹಾಗೆ ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. 1930ರಲ್ಲಿ ಗಾಂಧೀಜಿಯ ಜೊತೆ ಸಾಬರಮತಿಯಿಂದ ದಂಡಿಯವರೆಗೆ ನಡೆದು ಹೋದ ಕನ್ನಡಿಗ. ಅವರ ಊರವರು ಇವತ್ತು ಆಚೆ ಬದಿಯ ಹೊಲಕ್ಕೆ ಸೈಕಲ್ ನೂಕಿಕೊಂಡು ದಾಟುವಾಗ ಎರಡೂ ಕಡೆ ಎಷ್ಟು ಸಲ ನೋಡಬೇಕು ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ.

ಬ್ಯಾಡಗಿಗೆ ಇನ್ನೊಂದು ಸಂಕಟ. ಮಾರುಕಟ್ಟೆಯ ದಿನ ಸೋಮವಾರ ಮತ್ತು ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದಿಂದ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು ಸಾಲುಗಟ್ಟುತ್ತವೆ. ಚೀಲಗಳು ಲಾರಿಯ ಅಗಲಕ್ಕಿಂತ ಆಚೆ ಉಬ್ಬಿರುತ್ತವೆ. ಪಟ್ಟಣದ ಒಳಗಿನ ಮುಖ್ಯರಸ್ತೆಯ ಅಗಲೀಕರಣದ ಜಗಳ ಎಷ್ಟು ವರ್ಷದ್ದು ಅನ್ನುವುದು ಬ್ಯಾಡಗಿಯವರಿಗೆ ನಾವು ಹೇಳಬೇಕಿಲ್ಲ. ಆ ಜಗಳದಲ್ಲಿ ಅಂಗಡಿಯವರ ಮಾತು ಕೇಳಿದ್ದೇವೆ, ಲಾರಿಯವರ ಮಾತು ಕೇಳಿದ್ದೇವೆ. ಅಷ್ಟಿಷ್ಟು ಅಡಿ ಅಗಲ ಮಾಡಿದ ಮೇಲೆ ಅದರಲ್ಲಿ ಸೈಕಲ್ಲಿಗೆ ಎಷ್ಟು ಅಡಿ ಎಂದು ಕೇಳಿದವರನ್ನು ನಾವು ಕಂಡಿಲ್ಲ.

“ಈಗ ಸೈಕಲ್ ಯಾರ್ ಹೊಡೀತಾರ್ರೀ? ಎಲ್ಲಾರ ಮನ್ಯಾಗೂ ಬೈಕ್ ಅದಾವು.” ಇದು ನಮಗೆ ಕಚೇರಿಗಳಲ್ಲಿ ಸಿಗುವ ಉತ್ತರ, ಕಟ್ಟೆಯ ಮೇಲೂ ಸಿಗುತ್ತದೆ. ಬೈಕ್ ಇವೆ, ಒಪ್ಪುತ್ತೇವೆ. ಮನೆಯಲ್ಲಿ ಒಂದು ಬೈಕ್ ಇದ್ದರೆ ಅದು ಯಜಮಾನನದು, ಇಲ್ಲವೇ ದೊಡ್ಡ ಮಗನದು. ಹದಿನಾಲ್ಕು ವರ್ಷದ ಮಗಳದ್ದಲ್ಲ. ಎಪ್ಪತ್ತು ವರ್ಷದ ಅಜ್ಜನದ್ದೂ ಅಲ್ಲ. ಅವರಿಬ್ಬರಿಗೆ ಉಳಿದಿರುವುದು ಸೈಕಲ್ಲು ಅಥವಾ ಕಾಲು.

ಬಸ್ಸಿನ ಮಾತೂ ಬರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಒಳ್ಳೆಯದಾಯಿತು. ಆದರೆ ಪುಕ್ಕಟೆ ಟಿಕೆಟ್ಟಿನ ಬಸ್ಸು ಕೈ ಮಾಡಿದಲ್ಲಿ ನಿಲ್ಲಬೇಕಲ್ಲ. ಶಾಲೆಯ ಗಂಟೆಗೆ ಸರಿಯಾಗಿ ಬರಬೇಕಲ್ಲ. ಮುಖ್ಯರಸ್ತೆಯಿಂದ ಎರಡು-ಮೂರು ಕಿಲೋಮೀಟರ್ ಒಳಗಿರುವ ಊರಿನ ಹುಡುಗಿ ಬಸ್ಸಿನ ತನಕ ಹೋಗುವುದಾದರೂ ಹೇಗೆ?

ಇದಕ್ಕೆ ಉತ್ತರ ನಮ್ಮ ರಾಜ್ಯಕ್ಕೆ ಗೊತ್ತಿತ್ತು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವುದು ಶುರುವಾಯಿತು. ಈ ಲೇಖನ ಓದುತ್ತಿರುವ ಎಷ್ಟೋ ಜನ ಆ ಸೈಕಲ್ ತುಳಿದೇ ಹತ್ತನೇ ತರಗತಿ ಮುಗಿಸಿದವರು. ಅದರ ಬ್ರೇಕು ಹಿಡಿಯುತ್ತಿರಲಿಲ್ಲ, ಸೀಟು ವರ್ಷದೊಳಗೆ ಹರಿಯುತ್ತಿತ್ತು, ನಟ್ಟು ಬಿಗಿಮಾಡಲು ಮೊದಲ ದಿನವೇ ಶಾಪಿಗೆ ಒಯ್ಯಬೇಕಿತ್ತು, ಎಲ್ಲ ಖರೆ. ಆದರೂ ಹುಡುಗಿಯರು ಸಾಲಾಗಿ ಸೈಕಲ್ ಹೊಡೆದುಕೊಂಡು ಹೋಗುವುದನ್ನು ನಮ್ಮ ರಸ್ತೆಗಳು ಮೊದಲ ಸಲ ಕಂಡದ್ದು ಆಗ. ಕೊರೊನಾ ಬಂತು, ಸೈಕಲ್ ನಿಂತವು. ಕೊರೊನಾ ಹೋದ ಮೇಲೆ ಉಳಿದದ್ದೆಲ್ಲ ತಿರುಗಿ ಶುರುವಾಯಿತು, ಎಂಟನೇ ತರಗತಿಯ ಸೈಕಲ್ ಕೇಳಿದರೆ ಮಾತ್ರ ನೋಡೋಣ, ಮಾಡೋಣ.

ಅದೇ 2006ರಲ್ಲಿ ಬಿಹಾರದಲ್ಲೂ ಹೈಸ್ಕೂಲ್ ಹುಡುಗಿಯರಿಗೆ ಸೈಕಲ್ ಯೋಜನೆ ಶುರುವಾಗಿತ್ತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನು ಅಳೆದು ನೋಡಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಇನ್ನೂ ಹಿಂದೆ, 1990ರ ದಶಕದ ಆರಂಭದಲ್ಲಿ, ಸಾಕ್ಷರತಾ ಆಂದೋಲನದ ಜೊತೆ ಸೈಕಲ್ ಕಲಿಸಿದರು. ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರು ಕಲಿತರು ಎಂದು ಪಿ. ಸಾಯಿನಾಥ್ ಬರೆದಿದ್ದಾರೆ. ಪತ್ರಿಕೋದ್ಯಮ ಓದಿದ ನಾವೆಲ್ಲ ಆ ವರದಿಯನ್ನು ಪಾಠದಂತೆ ಓದಿದವರು. ಕಲ್ಲು ಕ್ವಾರಿಯ ಕೂಲಿಗಳು, ನೀರು ಹೊರುವವರು, ಅಂಗನವಾಡಿಯವರು ಸೈಕಲ್ ಏರಿದ್ದು ಗುಡ್ಡದ ನೋಟ ಸವಿಯಲಿಕ್ಕಲ್ಲ. ಗಂಡನನ್ನೋ ಬಸ್ಸನ್ನೋ ಕಾಯದೆ ತಾವೇ ಹೋಗಿ ಬರಲಿಕ್ಕೆ.

ಆದ್ದರಿಂದ ಸೈಕಲ್ ಕೊಡಿ ಎಂದು ಕೇಳುವುದರ ಜೊತೆಗೇ ಬದಿ ಕೊಡಿ ಎಂದು ಕೇಳುತ್ತೇವೆ. ಬದಿ ಇಲ್ಲದ ರಸ್ತೆಗೆ ಸೈಕಲ್ ಕೊಟ್ಟರೆ ತಾಯಿ ಮಗಳನ್ನು ಕಳಿಸುವುದಿಲ್ಲ, ಆ ಸೈಕಲ್ ಅಪ್ಪನ ಹೊಲಕ್ಕೆ ಹೋಗುತ್ತದೆ. ಇದು ನಡೆದದ್ದೂ ಉಂಟು.

ಇಲ್ಲಿ ನಮ್ಮ ರೈತರ ಹತ್ತಿರವೂ ಒಂದು ಮಾತಿದೆ, ಸಿಟ್ಟಾಗಬೇಡ್ರಿ. ಹಾವೇರಿ ಅಂದರೆ ಗೋವಿನಜೋಳದ ಜಿಲ್ಲೆ. ದೀಪಾವಳಿ ಹೊತ್ತಿಗೆ ರಸ್ತೆಯ ಅರ್ಧ ಭಾಗ ಹಳದಿ. ಜೋಳ ಹರವಿ, ಅದರ ಅಂಚಿಗೆ ಕಲ್ಲು ಸಾಲಿಟ್ಟು, ರಾತ್ರಿ ತಾಡಪತ್ರಿ ಮುಚ್ಚಿ ಬಿಡುತ್ತಾರೆ. ಕತ್ತಲಲ್ಲಿ ಕರಿ ತಾಡಪತ್ರಿ ಕಾಣುವುದಿಲ್ಲ, ಕಲ್ಲು ಮೊದಲೇ ಕಾಣುವುದಿಲ್ಲ. ಬೈಕಿನವರು ಬಿದ್ದು ಸತ್ತದ್ದನ್ನು ನಾವು ವರದಿ ಮಾಡಿದ್ದೇವೆ. ಪೊಲೀಸರು ಪ್ರತಿ ವರ್ಷ ಎಚ್ಚರಿಕೆ ಕೊಡುತ್ತಾರೆ, ಪ್ರತಿ ವರ್ಷ ಜೋಳ ರಸ್ತೆಗೆ ಬರುತ್ತದೆ.

ಯಾಕೆ ಬರುತ್ತದೆ? ಕಣ ಇಲ್ಲ ಅದಕ್ಕೆ. ಮೊದಲು ಊರೊಟ್ಟಿಗೆ ಕಣ ಇರುತ್ತಿತ್ತು, ಸಗಣಿ ಸಾರಿಸಿದ ಕಣ. ಅದು ಪ್ಲಾಟ್ ಆಯಿತು, ಇಲ್ಲವೇ ಹೊಲಕ್ಕೆ ಸೇರಿತು. ಹಸಿ ಕಾಳನ್ನು ಒಣಗಿಸದೆ ಒಯ್ದರೆ ವ್ಯಾಪಾರಿ ತೇವಾಂಶದ ಹೆಸರಲ್ಲಿ ದರ ಮುರಿಯುತ್ತಾನೆ. ಬಿಸಿಲಿಗೆ ಕಾದ ಡಾಂಬರಿಗಿಂತ ಒಳ್ಳೆಯ ಕಣ ರೈತನಿಗೆ ಸಿಕ್ಕಿಲ್ಲ. ರೈತನಿಗೆ ದಂಡ ಹಾಕಿದರೆ ಇದು ನಿಲ್ಲುವುದಿಲ್ಲ. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿದ ಪಂಚಾಯ್ತಿಗಳು ಇವೆ, ನಮ್ಮ ಪಂಚಾಯ್ತಿಯಲ್ಲಿ ಯಾಕಿಲ್ಲ ಎಂದು ಕೇಳಬೇಕು. ಅಲ್ಲಿಯವರೆಗೆ ಕಲ್ಲಿನ ಬದಲು ಚೀಲಕ್ಕೆ ಮಣ್ಣು ತುಂಬಿ ಇಡ್ರಿ, ತಿರುವಿನಲ್ಲಿ ಹರವಬೇಡ್ರಿ. ಕಬ್ಬಿನ ಟ್ರ್ಯಾಕ್ಟರಿನವರಿಗೂ ಇದೇ ಮಾತು: ಹಿಂದಿನ ಟ್ರೇಲರಿಗೆ ಒಂದು ಕೆಂಪು ರೇಡಿಯಂ ಪಟ್ಟಿ ಅಂಟಿಸಿದರೆ ಕಬ್ಬಿನ ತೂಕವೇನೂ ಕಡಿಮೆಯಾಗುವುದಿಲ್ಲ.

ಇನ್ನು ರೊಕ್ಕದ ಪ್ರಶ್ನೆ. ಬದಿಗೆ ಗರಸು ಹಾಕಿ ರೋಲರ್ ಓಡಿಸುವುದು ರಸ್ತೆ ಕೆಲಸಗಳಲ್ಲೇ ಅತಿ ಕಡಿಮೆ ಖರ್ಚಿನದು. ಎಷ್ಟೋ ಕಡೆ ಅದು ಅಂದಾಜುಪಟ್ಟಿಯಲ್ಲೇ ಸೇರಿರುವ ಕೆಲಸ, ಬಿಲ್ಲಿನಲ್ಲಿ ಇರುತ್ತದೆ, ನೆಲದ ಮೇಲೆ ಇರುವುದಿಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ನಿರ್ವಹಣೆ ಮಾಡಬೇಕು, ಅದರಲ್ಲಿ ಬದಿಯೂ ಬರುತ್ತದೆ. ಊರ ಬಾಗಿಲಲ್ಲಿ ನಿಲ್ಲಿಸಿದ ಫಲಕದಲ್ಲಿ ರಸ್ತೆಯ ಉದ್ದ, ಖರ್ಚು, ಮುಗಿದ ದಿನ, ಗುತ್ತಿಗೆದಾರರ ಹೆಸರು ಎಲ್ಲ ಬರೆದಿರುತ್ತದೆ. ನಾವು ಆ ಫಲಕಕ್ಕೆ ಸೈಕಲ್ ಒರಗಿಸಿ ನಿಲ್ಲುತ್ತೇವೆಯೇ ಹೊರತು ಓದುವುದಿಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದಾಗ ಹೆಲ್ಮೆಟ್ ದಂಡ ಏರಿದ್ದು ಎಲ್ಲರಿಗೂ ಗೊತ್ತಾಯಿತು. ಅದೇ ತಿದ್ದುಪಡಿಯಲ್ಲಿ 198ಎ ಎಂಬ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಅದಕ್ಕೆ ಹೊಣೆಯಾದ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಹೆಲ್ಮೆಟ್ ದಂಡದ ಚೀಟಿ ಊರೂರಲ್ಲಿ ನೋಡಿದ್ದೇವೆ. ಈ ಕಲಮಿನ ಚೀಟಿಯನ್ನು ನಮ್ಮ ಕಡೆ ಹರಿದದ್ದು ನಾವು ನೋಡಿಲ್ಲ.

ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಕಾರಣಿಕ ಆಗುತ್ತದೆ. ಗೊರವಪ್ಪ ಬಿಲ್ಲೇರಿ ನುಡಿಯುವ ಒಂದು ಮಾತು ಕೇಳಲು ಸುತ್ತಲಿನ ಊರುಗಳಿಂದ ಜನ ನಡೆದು, ಚಕ್ಕಡಿ ಹೂಡಿ, ಸೈಕಲ್ ಹತ್ತಿ ಬರುತ್ತಾರೆ. ಜಿಲ್ಲೆಗೆ ಬೇಕಾದ ಪ್ರವಾಸಿ ಮಾರ್ಗ ಅದೇ ಆಗಿದೆ, ಹೊಸದಾಗಿ ಗೆರೆ ಎಳೆಯುವ ಅಗತ್ಯವಿಲ್ಲ. ರಾಣೆಬೆನ್ನೂರಿನಿಂದ ದೇವರಗುಡ್ಡ, ಹಾವೇರಿಯಿಂದ ಗುತ್ತಲದ ಮೇಲೆ ಗಳಗನಾಥ, ಬ್ಯಾಡಗಿಯಿಂದ ಕಾಗಿನೆಲೆ. ಈ ಮೂರೇ ರಸ್ತೆ ತೆಗೆದುಕೊಳ್ಳಲಿ. ಎರಡೂ ಬದಿ ಗಟ್ಟಿ ಮಾಡಲಿ, ಜಾಲಿ ಕಡಿದು ಸಾಗಿಸಲಿ, ಶ್ರಾವಣದೊಳಗೆ ಬೇವು-ಹುಣಸೆ ನೆಡಲಿ. ಮೂರು ವರ್ಷ ಬಿಟ್ಟು ಹೊರಗಿನವರನ್ನು ಕರೆಯಲಿ. ಆಗ ಬರುವವರು ತಾವಾಗಿಯೇ ನಕಾಶೆಯಲ್ಲಿ ಗೆರೆ ಮೂಡಿಸುತ್ತಾರೆ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವ ಫೋನಿನಿಂದಲೇ ಮಾಡಬಹುದಾದ ಕೆಲಸ ಇದೆ. ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ‘ಮೇರಿ ಸಡಕ್’ ಆ್ಯಪಿನಲ್ಲಿ ಫೋಟೊ ಸಮೇತ ದೂರು ಹಾಕ್ರಿ, ಜಾಗದ ಗುರುತು ಅದೇ ಹಿಡಿದುಕೊಳ್ಳುತ್ತದೆ. ಫೋಟೊದಲ್ಲಿ ಡಾಂಬರಿನ ಅಂಚಿಗೆ ಒಂದು ಸ್ಕೇಲು ಇಲ್ಲವೇ ಸೈಕಲ್ ಗಾಲಿ ನಿಲ್ಲಿಸಿ ತೆಗೆಯಿರಿ, ಎಷ್ಟು ಇಂಚು ಇಳಿಜಾರು ಎಂದು ಕಾಣಬೇಕು. ಹೆದ್ದಾರಿಯಲ್ಲಿ ಲಾರಿ ನಿಂತಿದ್ದರೆ 1033ಕ್ಕೆ ಫೋನ್ ಮಾಡ್ರಿ. ಉಳಿದ ರಸ್ತೆಗಳಿಗೆ ಗ್ರಾಮಸಭೆ ಇದೆ, ವರ್ಷಕ್ಕೆ ಕನಿಷ್ಠ ಎರಡು. ಫಲಾನುಭವಿಗಳ ಪಟ್ಟಿ ಓದಿ ಜನ ಎದ್ದು ಹೋಗುವ ಮೊದಲೇ ಕೈ ಎತ್ತಿ, ನಮ್ಮ ಊರಿನಿಂದ ಹೈಸ್ಕೂಲಿನವರೆಗಿನ ರಸ್ತೆಯ ಬದಿಯ ಕೆಲಸವನ್ನು ಠರಾವಿನಲ್ಲಿ ಬರೆಸ್ರಿ. ಎಷ್ಟು ಮಕ್ಕಳು ಸೈಕಲ್ ಮೇಲೆ ಹೋಗುತ್ತಾರೆ ಎಂದು ಮೂರು ದಿನ ಬೆಳಗ್ಗೆ ಕಟ್ಟೆಯ ಮೇಲೆ ಕೂತು ಎಣಿಸಿ, ಆ ಸಂಖ್ಯೆಯನ್ನೂ ಬರೆಸ್ರಿ. ಆ ರಸ್ತೆಯ ಅಂದಾಜುಪಟ್ಟಿ ಮತ್ತು ಬಿಲ್ಲಿನ ನಕಲನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಕೇಳಬಹುದು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಅರ್ಜಿಯಲ್ಲಿ ‘ಶೋಲ್ಡರ್’ ಅಂತಲೇ ಬರೆಯಿರಿ, ಬದಿ ಎಂದರೆ ಕಚೇರಿಯಲ್ಲಿ ಅರ್ಥವಾಗಲಿಲ್ಲ ಅಂದಾರು. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ, ತಾರೀಖು, ಸಹಿ ಹಾಕಿಸಿಕೊಂಡೇ ಮೆಟ್ಟಿಲು ಇಳಿಯಿರಿ.